ಬಾಲ್ಕನಿ ಬ್ಯಾಡಂದ ಕಾಕು

ಕಳೆದ ವಾರ ಹುಬ್ಬಳ್ಳಿಯಿಂದ ನಮ್ಮೂರು ಸಂಶಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಕೂಸೊಂದು ಹೊಟ್ಟೆ ತೊಳಸಿ ಅಳತೊಡಗಿತು. ಅದರ ತಾಯಿ ಚೀಲದಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು ಮೂಗಿಗೆ ಹಿಡಿದಳು. ಕಿಟಕಿಯ ಬಿಸಿಗಾಳಿಯ ಜೊತೆ ಆ ಹುಳಿ ವಾಸನೆ ನನ್ನ ತನಕ ಬಂತು. ಮನಸ್ಸಿಗೆ ಮೊದಲು ಬಂದದ್ದು ನಮ್ಮ ಬಾಜು ಮನೆಯ ಕಾಕು. ಹಡಗು ಹತ್ತುವ ಮುಂಚೆ ಅವರೂ ಹೀಗೇ ಚೀಲದ ತುಂಬ ನಿಂಬೆಹಣ್ಣು ತುಂಬಿಕೊಂಡಿದ್ದರು...

ಕಾಕು ಎಂದರೆ ನಮ್ಮ ಕಡೆ ಚಿಕ್ಕಮ್ಮ, ಆದರೆ ಅವರು ನಮಗೆ ರಕ್ತಸಂಬಂಧಿಯಲ್ಲ. ಎರಡೂ ಮನೆಗಳ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಕಾಕಾ ಬೇಗ ತೀರಿಕೊಂಡ ಮೇಲೆ ಅವರು ಜೋಳದ ರೊಟ್ಟಿ ಬಡಿದು ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸಿ ಮಗನನ್ನು ಬೆಳೆಸಿದರು. ಒಲೆಯ ಮುಂದೆಯೇ ಬೆಳೆದ ಆ ಮಗ ಅಡುಗೆಯನ್ನೇ ಓದಿ, ಮುಂಬಯಿಯಿಂದ ಹೊರಡುವ ಪ್ರವಾಸಿ ಹಡಗೊಂದರಲ್ಲಿ ಅಡುಗೆಯವನಾದ. ವರ್ಷದಲ್ಲಿ ಹೆಚ್ಚಿನ ದಿನ ನೀರ ಮೇಲೆ. ಮನೆಯಲ್ಲಿ ಕಾಕು, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು, ಮತ್ತು ಕಂಡದ್ದನ್ನೆಲ್ಲ ಹತ್ತುವ ನಾಲ್ಕು ವರ್ಷದ ಮೊಮ್ಮಗ.

ಆ ಹುಡುಗ ಒಮ್ಮೆ ಬಿದ್ದ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗ ಏಣಿ ಹತ್ತಿ ಮೇಲೆ ಹೋಗಿ, ಅಂಚಿಗೆ ಬಂದು, ಕೆಳಗೆ ಅಂಗಳಕ್ಕೆ ಬಿದ್ದ. ಜೀವ ಉಳಿಯಿತು, ಕೈ ಮುರಿಯಿತು. ಕೈ ಕೂಡಿತು. ಆದರೆ ಓಣಿಯ ಬಾಯಿ ಮುಚ್ಚಲಿಲ್ಲ. ನೀರಿಗೆ ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ‘ಅಕೀಗೆ ಹುಡುಗನ್ನ ನೋಡಿಕೊಳ್ಳಾಕ ಬರಂಗಿಲ್ಲ’ ಎಂಬ ಮಾತು. ಸೊಸೆ ಯಾರಿಗೂ ತಿರುಗಿ ಮಾತಾಡಲಿಲ್ಲ. ಅಂದಿನಿಂದ ಅವಳು ಮಗನ ಅಂಗಿಯ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡೇ ಮಲಗುತ್ತಿದ್ದಳು. ಹುಡುಗ ಹೊರಳಿದರೆ ಸಾಕು, ಎದ್ದು ಕೂಡುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಬಂದು, ಮುಖ ಇಳಿದುಹೋಗಿತ್ತು.

ಅಂಥ ಹೊತ್ತಿನಲ್ಲಿ ಮಗನ ಸುದ್ದಿ ಬಂತು. ಕೆಲಸದವರ ಮನೆಯವರನ್ನು ಒಮ್ಮೆ ಕರೆಸಿಕೊಳ್ಳಲು ಹಡಗಿನವರು ಒಪ್ಪಿದ್ದಾರೆ, ಮುಂಬಯಿಯಿಂದ ಗೋವಾ ಕಡೆ ಹೋಗಿಬರುವ ಸಣ್ಣ ಪ್ರವಾಸ, ಎಲ್ಲರೂ ಬರ್ರಿ ಎಂದ. ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಹಡಗು ಹತ್ತಿದವರು ಯಾರೂ ಇರಲಿಲ್ಲ. ನಾನು ಪೇಟೆಯಲ್ಲಿ ಝೆರಾಕ್ಸ್, ರೈಲು ಟಿಕೆಟ್ಟಿನ ಅಂಗಡಿ ಇಟ್ಟಿದ್ದೆ. ಹೀಗಾಗಿ ರೂಮು ಆರಿಸುವ ಕೆಲಸ ನನ್ನ ಕಂಪ್ಯೂಟರಿನ ಮುಂದೆ ಬಂತು.

ಕಾಕು ಸೊಸೆಯನ್ನೂ ಕರೆದುಕೊಂಡು ಬಂದರು. ಸುದ್ದಿ ತಿಳಿದು ಓಣಿಯ ನಾಲ್ಕಾರು ಹೆಂಗಸರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಪರದೆಯ ಮೇಲೆ ಹಡಗಿನ ನಕ್ಷೆ ತೆಗೆದೆ. ಜೇನುಗೂಡಿನಂತೆ ಮಹಡಿಯ ಮೇಲೆ ಮಹಡಿ, ರೂಮಿನ ಬಾಜು ರೂಮು. ಒಳಬದಿಗೆ ಕಿಟಕಿಯೇ ಇಲ್ಲದವು, ಹೊರಬದಿಗೆ ತೆರೆಯಲಾಗದ ಗಾಜಿನ ಕಿಟಕಿ ಇದ್ದವು, ಮೇಲಿನ ಮಹಡಿಗಳಲ್ಲಿ ಬಾಲ್ಕನಿ ಇದ್ದವು. ಅಷ್ಟರಲ್ಲಿ ಮಗನೇ ವಿಡಿಯೋ ಕಾಲ್ ಮಾಡಿದ. ತಲೆಗೆ ಬಿಳಿ ಟೋಪಿ, ಮುಖದಲ್ಲಿ ಹಿಡಿಸಲಾರದ ಹಿಗ್ಗು.

“ಅವ್ವಾ, ಆರಿಸೂದು ಏನೂ ಬ್ಯಾಡ. ಸಾಹೇಬರಿಗೆ ಹೇಳಿ ಮ್ಯಾಲ ಬಾಲ್ಕನಿ ರೂಮ್ ಹಿಡದೇನಿ. ಹಾಸಿಗಿ ಮ್ಯಾಲಿಂದನ ಸಮುದ್ರ ಕಾಣತೈತಿ!”

“ಕಂಬಿ ಎಷ್ಟ ಎತ್ತರ ಐತೋ?” ಕಾಕು ಕೇಳಿದರು.

“ನಿನ್ನ ಎದಿ ಮಟ ಬರತೈತಿ.”

“ಬಾಜು ಕುರ್ಚಿ ಇಟ್ಟಾರೇನು?”

“ಎರಡು ಅದಾವು. ಕುಂತು ಚಹಾ ಕುಡ್ಯಾಕ.”

“ಕುರ್ಚಿ ಇದ್ದಲ್ಲಿ ನಿನ್ನ ಮಗಾ ಹತ್ತತಾನ. ಅದು ಬ್ಯಾಡ.”

ಮಗನ ಮುಖ ಸಪ್ಪಗಾಯಿತು. ಬಾಗಿಲಿಗೆ ಚಿಲಕ ಇರುತ್ತದೆ, ಅದಕ್ಕೇಕೆ ಅಂಜಬೇಕು, ನನ್ನ ಜೊತೆಯವರೆಲ್ಲ ನೋಡುತ್ತಾರೆ, ನನ್ನ ಮನೆಯವರು ಕೆಳಗಿನ ಮಹಡಿಯಲ್ಲಿ ಇರುವುದೇ ಎಂದೆಲ್ಲ ಹೇಳಿದ. ಆಗ ಗೋಡೆಗೆ ಆತು ನಿಂತಿದ್ದ ಸೊಸೆ ಮೊದಲ ಸಲ ಬಾಯಿಬಿಟ್ಟಳು.

“ನಾ ಬರೂದಿಲ್ರಿ ಅತ್ತಿ. ನೀವ ಕರಕೊಂಡು ಹೋಗ್ರಿ. ನನ್ನ ಕೈಯಾಗ ಕೂಸು ನಿಂದ್ರಂಗಿಲ್ಲ ಅಂತಾರಲ್ಲ... ಖರೇನ ಇರಬೇಕದು.”

ಕಾಕು ಸ್ಟೂಲಿನಿಂದ ಎದ್ದರು. ಸೊಸೆಯ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕಡೆ ತಿರುಗಿದರು.

“ಎಲ್ಲಾರೂ ಕೇಳ್ರಿ. ಅವತ್ತು ಏಣಿ ಹಚ್ಚಿದಾಕಿ ನಾನು. ಮೆಣಸಿನಕಾಯಿ ಹರವಿ ಕೆಳಗಿಳದು, ಏಣಿ ತಗದಿಡೂದು ಮರತಾಕಿ ನಾನು. ಈಕಿ ನಾ ಬಡಿ ಅಂದಿದ್ದ ರೊಟ್ಟಿ ಬಡ್ಯಾಕತ್ತಿದ್ಲು. ಇಷ್ಟು ದಿನ ಒಂದು ಮಾತು ಯಾರ ಮುಂದೂ ಆಡಿಲ್ಲ ಈಕಿ. ಇನ್ನ ಅನ್ನೂದಿದ್ರ ನನಗ ಅನ್ರಿ.”

ಆಮೇಲೆ ಫೋನಿನ ಕಡೆ ತಿರುಗಿ ಮಗನಿಗೆ ಹೇಳಿದರು: “ನಿನ್ನ ದೊಡ್ಡಸ್ತಿಕಿ ನೋಡಾಕ ನಾವು ಬರಾಕತ್ತಿಲ್ಲೋ. ನಿನ್ನ ಹೆಂಡ್ತಿ ನಿದ್ದಿ ಮಾಡಬೇಕು. ಅಕಿಗೆ ನಿದ್ದಿ ಹತ್ತೂವಂಥಾ ರೂಮ್ ಕೊಡಸು.”

ಒಬ್ಬ ಅತ್ತೆ ನಾಲ್ಕು ಜನರ ಮುಂದೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಇಳಿದರು.

ನಂತರದ ಕೆಲಸ ಸಲೀಸಾಗಿ ನಡೆಯಿತು. ಮುಂಬಯಿಯ ಬುಕಿಂಗ್ ಆಫೀಸಿಗೆ ಫೋನು ಹಚ್ಚಿದೆ. ಕಾಕು ಕೇಳಿದ್ದನ್ನು ನಾನು ಹಿಂದಿಯಲ್ಲಿ ಕೇಳುತ್ತ ಹೋದೆ. ಹಡಗು ತೂಗುವುದು ಎಲ್ಲಿ ಕಡಿಮೆ ಎಂದರೆ ಕೆಳಗಿನ ಮಹಡಿಯಲ್ಲಿ, ನಟ್ಟನಡುವೆ ಎಂದಳು ಅಲ್ಲಿಯ ಹುಡುಗಿ. ಕಿಟಕಿ ಇಲ್ಲದ ರೂಮು ಅಗ್ಗ, ಆದರೆ ದೀಪ ಆರಿಸಿದರೆ ಕಗ್ಗತ್ತಲೆ, ಎದ್ದ ಮಕ್ಕಳು ಅಂಜುತ್ತವೆ ಎಂದೂ ಅವಳೇ ಹೇಳಿದಳು. ಹಾಡು ಕುಣಿತದ ಹಾಲಿನಿಂದ ದೂರ ಇದ್ದದ್ದು ನೋಡು ಎಂದರು ಕಾಕು. ಕಡೆಗೆ ತೆರೆಯಲಾಗದ ಕಿಟಕಿಯ ಒಂದು ರೂಮು ನಿಕ್ಕಿಯಾಯಿತು. ಕೆಳಗಿನ ಎರಡು ಮಂಚ ಕೂಡಿಸಿದರೆ ತಾಯಿ ಮಕ್ಕಳಿಗೆ ಸಾಕು. ಇನ್ನೊಂದು ಮಂಚ ಮಾತ್ರ ಗೋಡೆಗೆ ಮಡಚಿಟ್ಟು ಬೇಕಾದಾಗ ಇಳಿಸುವಂಥದ್ದು, ಏಣಿ ಹತ್ತಿ ಮೇಲೆ ಮಲಗಬೇಕು, ಸಣ್ಣ ಮಕ್ಕಳನ್ನು ಅಲ್ಲಿ ಮಲಗಿಸುವಂತಿಲ್ಲ.

“ಅಲ್ಲಿ ಯಾರು ಮಲಗತಾರಂತ ಕೇಳಾಕತ್ತಾರ್ರಿ ಕಾಕು,” ಅಂದೆ.

“ನಾ ಮಲಗತೀನಿ ಅನ್ನು. ಮಾಳಿಗಿ ಹತ್ತಿ ಇಳದು ಕಾಲು ಗಟ್ಟಿ ಅದಾವು.”

ಆ ಹುಡುಗಿ ವಯಸ್ಸು ಕೇಳಿ ನಕ್ಕಳು. ನಕ್ಕದ್ದು ಕಾಕುಗೂ ಕೇಳಿಸಿತು. ಅವರೂ ನಕ್ಕರು.

ಹುಬ್ಬಳ್ಳಿಯಲ್ಲಿ ಮುಂಬಯಿ ರೈಲು ಹತ್ತಿಸಲು ನಾನೇ ಹೋಗಿದ್ದೆ. ಇಳಕಲ್ಲ ಸೀರೆ ಉಟ್ಟು, ಮಡಿಲಲ್ಲಿ ನಿಂಬೆಹಣ್ಣಿನ ಚೀಲ ಇಟ್ಟುಕೊಂಡು ಕಾಕು ಕಿಟಕಿಗೆ ಕೂತಿದ್ದರು. ತಿರುಗಿ ಬಂದ ಮೇಲೆ ಓಣಿಯವರಿಗೆ ಹಡಗಿನ ಈಜುಕೊಳ, ಲಿಫ್ಟು, ತಾಟಿನ ತುಂಬ ತಿಂಡಿ ಎಲ್ಲ ವರ್ಣಿಸಿದರು. ನನಗೆ ಹೇಳಿದ್ದು ಮಾತ್ರ ಬೇರೆ. ಎರಡನೇ ದಿನ ಬೆಳಿಗ್ಗೆ ಕಿಟಕಿಯಲ್ಲಿ ಬಿಸಿಲು ಬಂದಿತ್ತಂತೆ. ಮಕ್ಕಳು ಗಾಜಿಗೆ ಮೂಗು ಹಚ್ಚಿ ನೀರು ನೋಡುತ್ತ ಕೂತಿದ್ದವು. ಸೊಸೆ ಇನ್ನೂ ಮಲಗಿದ್ದಳು. ಕಾಕು ಬಗ್ಗಿ ಅವಳ ಸೆರಗು ನೋಡಿದರು.

“ಗಂಟು ಹಾಕಿರಲಿಲ್ಲೋ ತಮ್ಮಾ,” ಎಂದರು. “ಸೆರಗು ಹಂಗ ಸಡಲ ಬಿದ್ದಿತ್ತು.”

ಸಪ್ಪಳಾಗದಂತೆ ಬಾಗಿಲು ಎಳೆದುಕೊಂಡು, ಎರಡೂ ಮಕ್ಕಳ ಕೈ ಹಿಡಿದು ತಿಂಡಿಯ ಹಾಲಿಗೆ ಹೋದರು. ಬಿಳಿ ಟೋಪಿಯ ಮಗ ಒಳಗಿನಿಂದ ಓಡಿ ಬಂದು, ಜೊತೆಯವರನ್ನೆಲ್ಲ ಕರೆದು, ನಮ್ಮ ಅವ್ವ ಎಂದು ತೋರಿಸಿದ. ಹೆಂಡತಿ ಎಲ್ಲಿ, ಅವಳನ್ನೂ ಕರೆತರುತ್ತೇನೆ ಎಂದು ಹೊರಟವನ ತೋಳು ಹಿಡಿದು ನಿಲ್ಲಿಸಿದರಂತೆ. “ಎಬ್ಬಸಬ್ಯಾಡ. ಭಾಳ ದಿನದ ನಿದ್ದಿ ಐತಿ ಅಕೀದು.” ಇದನ್ನು ನನಗೆ ಹೇಳುವಾಗ ಕಾಕು ಎದೆ ಉಬ್ಬಿಸಿದ್ದರು. ಹಡಗಿನ ಮಾತಿಗಲ್ಲ, ಮಗನ ಟೋಪಿಗೂ ಅಲ್ಲ... ಸೊಸೆ ಮಲಗಿದ್ದಕ್ಕೆ.

ಕಾಕು ಹೋಗಿ ಈಗ ಎರಡನೇ ವರ್ಷ. ಸ್ವಲ್ಪ ದಿನದ ಜ್ವರ ನೆಪವಾಯಿತು, ಸೊಸೆಯ ತೊಡೆಯ ಮೇಲೆಯೇ ಜೀವ ಬಿಟ್ಟರು. ಮಗ ಸಮುದ್ರದಲ್ಲಿದ್ದ, ಮಣ್ಣು ಕೊಡಲು ಬರಲಾಗಲಿಲ್ಲ. ಓಣಿಯ ಹೆಂಗಸರೆಲ್ಲ ಸೊಸೆಯ ಸುತ್ತ ಕೂತಿದ್ದರು. ಅವಳ ಬಗ್ಗೆ ಕೆಟ್ಟ ಮಾತು ನಮ್ಮ ಕಡೆ ನಿಂತು ಎಷ್ಟೋ ಕಾಲವಾಗಿತ್ತು.

ಮೊನ್ನೆ ರಜೆಗೆ ಬಂದ ಮಗ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಂದು ಮಾತು ಹೇಳಿದ. ಆ ಹಡಗಿನ ಪ್ರವಾಸದ ಕಡೆಯ ದಿನ ನಸುಕಿನಲ್ಲಿ ಅವನು ಹಿಟ್ಟು ನಾದಿಟ್ಟು ಗಾಳಿಗೆಂದು ಮೇಲಿನ ತೆರೆದ ಮಹಡಿಗೆ ಬಂದಿದ್ದ. ಅಲ್ಲಿ ಕಂಬಿ ಹಿಡಿದುಕೊಂಡು ಅವ್ವ ಒಬ್ಬಳೇ ನಿಂತಿದ್ದಳು. ಪ್ರವಾಸದುದ್ದಕ್ಕೂ ದಿನಾಲೂ ಹಾಗೆ ಎಲ್ಲರಿಗಿಂತ ಮುಂಚೆ ಎದ್ದು ಬಂದು ನಿಲ್ಲುತ್ತಿದ್ದಳೆಂದು ಅಲ್ಲಿ ಕಸ ಗುಡಿಸುವವನು ಹೇಳಿದನಂತೆ.

“ಏನ್ ಅಂದ್ರು?” ಕೇಳಿದೆ.

“‘ನನಗೂ ಬಾಲ್ಕನಿ ಭಾಳ ಬೇಕಾಗಿತ್ತೋ’ ಅಂದ್ಲು. ಅಂದು ನಕ್ಕಳು. ‘ನಡಿ, ಕೂಸುಗಳು ಏಳತಾವು’ ಅಂತ ಇಳದು ಹೋದ್ಲು.”

ಅವನು ಎದ್ದು ಹೋದ. ತನಗೆ ಅಷ್ಟು ಬೇಕಾದದ್ದನ್ನು ನನ್ನ ಕಣ್ಣೆದುರೇ ‘ಬ್ಯಾಡ’ ಎಂದಿದ್ದರು ಕಾಕು, ಮುಖದ ಒಂದು ಗೆರೆಯೂ ಬದಲಾಗಿರಲಿಲ್ಲ. ಆ ನಸುಕಿನಲ್ಲಿ ಅಷ್ಟು ಹೊತ್ತು ನಿಂತು ಏನು ನೋಡಿದಿರಿ ಕಾಕು ಎಂದು ಕೇಳಬೇಕೆನಿಸಿತು. ಬಾಜು ಮನೆಯ ಕಡೆ ತಿರುಗಿ ಕೂಗಲು ಬಾಯಿಯನ್ನೂ ತೆರೆದಿದ್ದೆ...