ಚೀಟಿಯ ಮೇಲಿನ ಸಹಿ

ಮೇಸ್ತ್ರಿಗಳ ಎಡಗೈ ಕಿರುಬೆರಳಿನ ಉಗುರೊಂದೇ ಉದ್ದ. ಉಳಿದ ಒಂಬತ್ತನ್ನೂ ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಕೆಟ್ಟ ಸ್ವಿಚ್ಚಿನೊಳಗೆ ಅಂಟಿಕೊಂಡ ತೆಳು ತಗಡನ್ನು ಎಬ್ಬಿಸಲು ಯಾವ ಚಿಮಟವೂ ಅವರಿಗೆ ಆ ಉಗುರಿನಷ್ಟು ಒಗ್ಗುತ್ತಿರಲಿಲ್ಲ.

ಭದ್ರಾವತಿಯ ಕಾರ್ಖಾನೆಯ ಮೀಟರ್ ರೂಮಿನಲ್ಲಿ ನಾನು ಅವರ ಕೈಕೆಳಗೆ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ಇಬ್ಬರೂ ಶಿವಮೊಗ್ಗದವರು, ದಿನವೂ ಒಂದೇ ರೈಲು. ಲೈನ್‌ಮನ್‌ಗಳು ಕೈಯಲ್ಲಿ ಒಯ್ದು ಕರೆಂಟು ಅಳೆಯುವ ಮೀಟರುಗಳೆಲ್ಲ ಯುದ್ಧಕಾಲದ ವಿಲಾಯಿತಿ ಮಾಲು, ಬಿಡಿಭಾಗ ಸಿಗುತ್ತಿರಲಿಲ್ಲ. ಮೀಟರಿನ ಸ್ವಿಚ್ಚಿನೊಳಗೆ ಕರೆಂಟು ದಾಟಿಸುವ ತಗಡಿನ ನಾಲಿಗೆ ಮುರಿದರೆ ಮೇಸ್ತ್ರಿಗಳು ಹಳೆಯ ಟಾರ್ಚಿನ ಹಿತ್ತಾಳೆ ಪಟ್ಟಿಯನ್ನು ತಟ್ಟಿ ಹೊಸದು ಮಾಡುತ್ತಿದ್ದರು. ಬಿಚ್ಚುವ ಮೊದಲು ಒಂದೊಂದು ತಂತಿಗೂ ಒಂದೊಂದು ಬಣ್ಣದ ನೂಲು ಕಟ್ಟುವರು. ನೂಲು ಅವರ ಹೆಂಡತಿಯ ಹೊಲಿಗೆ ಡಬ್ಬಿಯದು.

ಸೇರಿದ ಹೊಸದರಲ್ಲಿ ನಾನು ಬಿಗಿಯಾದ ಸ್ವಿಚ್ಚಿಗೆ ಎಣ್ಣೆ ಬಿಟ್ಟೆ. "ಏನ್ ಮಾರಾಯ, ಇದೇನು ಎತ್ತಿನ ಗಾಡಿ ಅಚ್ಚಾ?" ಎಂದು ನಕ್ಕು, ಅದನ್ನೆಲ್ಲ ಒರೆಸಿ ತೆಗೆಯಲು ಅರ್ಧ ದಿನ ಕೂತರು.

ರಿಪೇರಿಯಾದ ಮೀಟರನ್ನು ಸದಾ ಕರೆಂಟಿರುವ ಗೋಡೆಯ ಪ್ಲಗ್ಗಿಗೆ ಹಚ್ಚಿ ನೋಡದೆ ಅವರು ಹೊರಗೆ ಬಿಡುತ್ತಿರಲಿಲ್ಲ. "ಗೊತ್ತಿರೋದನ್ನ ಮೊದ್ಲು ಕೇಳು. ಅದಕ್ಕೆ ಸುಳ್ಳು ಹೇಳ್ಲಿಲ್ಲ ಅಂದ್ರೆ ಗೊತ್ತಿಲ್ಲದ್ದು ಕೇಳು" ಅನ್ನುತ್ತಿದ್ದರು. ನೋಡಿದ ಮೇಲೆಯೇ ಸರಿಯಿದೆ ಎಂಬ ಚೀಟಿ ಕಟ್ಟಿ ಸಹಿ.

ಒಂದು ಸಂಜೆ ಅವರು ಸರಿಮಾಡಿದ ಮೀಟರಿಗೆ ತಿರುಗಿಸುವ ನಾಬು ಹಾಕಿದವನು ನಾನು. ರೈಲಿಗೆ ಹೊತ್ತಾಗಿತ್ತು. "ಪ್ಲಗ್ಗಿಗೆ ಹಚ್ಚಿ ನೋಡಿದ್ಯಾ?" ಎಂದು ಕೇಳಿದರು. "ಹ್ಞೂಂ" ಅಂದೆ. ನೋಡಿರಲಿಲ್ಲ. ಅವರು ಸಹಿ ಹಾಕಿದರು.

ನಾಬು ಇರಬೇಕಾದ ಗುರುತಿನಿಂದ ಒಂದು ಮನೆ ಆಚೆ ಕೂತಿತ್ತು. ಅದರ ಮೂತಿ ಎ.ಸಿ. ಎಂದು ತೋರಿಸುವಾಗ ಒಳಗಿನ ಸ್ವಿಚ್ಚು ಡಿ.ಸಿ.ಯಲ್ಲಿತ್ತು. ಹಾಗಿದ್ದರೆ ಎ.ಸಿ. ಲೈನಿನಲ್ಲಿ ಎಷ್ಟೇ ಕರೆಂಟಿದ್ದರೂ ಮುಳ್ಳು ಅಲುಗುವುದಿಲ್ಲ. ಮರುದಿನ ಲೈನ್‌ಮನ್ ಒಬ್ಬ ಅದರಲ್ಲಿ ನೋಡಿ, ಕರೆಂಟಿಲ್ಲವೆಂದು ನಂಬಿ ಕೈಹಾಕಿದ. ಜೀವ ಉಳಿಯಿತು, ಎರಡು ಬೆರಳು ಹೋದವು.

ವಿಚಾರಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿಗಳು ಎದ್ದು ನಿಂತರು. "ಚೀಟಿ ಮೇಲೆ ಸಹಿ ನಂದು ಸಾರ್. ನಾಬು ಹಾಕಿದ್ದೂ ನಾನೇ."

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ರೈಲಿನಲ್ಲಿ, "ನಾಳೆ ಹೋಗಿ ನಿಜ ಹೇಳಿಬಿಡ್ತೀನಿ ಮೇಸ್ತ್ರಿಗಳೇ" ಅಂದೆ.

"ಹೇಳಿದ್ರೆ ಅವನ ಬೆರಳು ಚಿಗುರುತ್ತಾ? ನೀನು ಮನೆಗೆ ಹೋಗ್ತೀಯ, ಅಷ್ಟೆ. ನಿನ್ನ ಮಾತು ನಂಬಿದ್ದು ನನ್ನ ತಪ್ಪೇ ತಾನೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿ ಬೋಲ್ಟು, ನಟ್ಟು ತೂಗಿ ಕೊಡುವ ಕೆಲಸ. ಮೀಟರ್ ರೂಮು ನನ್ನ ಕೈಗೆ ಬಂತು. ನಾಳೆ ಹೇಳೋಣ ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ನಿವೃತ್ತಿಗೆ ಮುಂಚೆಯೇ, ಒಂದು ಬೆಳಿಗ್ಗೆ ರೈಲಿಗೆ ಹೊರಟ ಮೇಸ್ತ್ರಿಗಳು ಮನೆಯ ಜಗುಲಿಯ ಮೇಲೆಯೇ ಎದೆ ಹಿಡಿದು ಕೂತು, ಮತ್ತೆ ಏಳಲಿಲ್ಲ.

ಶಿವಗಣಾರಾಧನೆ ಮುಗಿದು ನೆಂಟರು ಹೋದ ಮೇಲೆ ಅವರ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

"ನಂಗೆ ಸಿಟ್ಟು ಬಂದಾಗೆಲ್ಲ ಅದನ್ನೇ ಎತ್ತಿ ಆಡ್ತಿದ್ದೆ ಕಣಪ್ಪ" ಅಂದರು ಆಕೆ. "ಇನ್ನೊಬ್ಬನ ಬೆರಳು ತಿಂದ ಕೈ ಅಂತ, ಉಣ್ಣೋಕೆ ಕೂತಾಗ್ಲೂ ಅಂದಿದೀನಿ. ತಲೆ ಬಗ್ಗಿಸಿ ಉಂಡು ಏಳ್ತಿದ್ರು. ಒಂದು ಮಾತು ಹೇಳ್ಲಿಲ್ಲ ಅವ್ರು. ನೀನಾದ್ರೂ ಹೇಳಬಾರ್ದಿತ್ತಾ?"