ಪಿ.ಜೆ. ಬಡಾವಣೆಯ ಪ್ರಗತಿಪರ ರೈತ

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾರ್ಚ್‌ನಲ್ಲಿ ಕೊಟ್ಟೂರಪ್ಪನವರು ರೈತರಾದರು. ಅಲ್ಲಿಯವರೆಗೆ ಅವರು ಚೌಕಿಪೇಟೆಯಲ್ಲಿ ಜವಳಿ ಅಂಗಡಿ, ಪಿ.ಜೆ. ಬಡಾವಣೆಯಲ್ಲಿ ಮನೆ ಮಾಡಿಕೊಂಡು ಸುಖವಾಗಿದ್ದರು. ಮಲೆಬೆನ್ನೂರಿನ ಹತ್ತಿರ ತಂದೆಯ ಕಾಲದ ಗದ್ದೆ ಇತ್ತು, ನಿಜ. ಅದನ್ನು ಮೈಲಾರಲಿಂಗಪ್ಪ ಪಾಲಿಗೆ ಮಾಡುತ್ತಿದ್ದ. ಸುಗ್ಗಿಯಾದ ಮೇಲೆ ಅಕ್ಕಿ ಮನೆಗೆ ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ಇವರು ಕೇಳಿದವರಲ್ಲ.

ಒಂದು ಮಧ್ಯಾಹ್ನ ಕೃಷಿ ಅಧಿಕಾರಿ ರಾಘವೇಂದ್ರ ಬೆವರು ಒರೆಸಿಕೊಳ್ಳುತ್ತ ಅಂಗಡಿಗೆ ಬಂದರು. ಇಳುವರಿ ಹೆಚ್ಚಿಸುವ ಯೋಜನೆಯಲ್ಲಿ ಅರ್ಧ ಬೆಲೆಗೆ ಹಂಚಬೇಕಾದ, ಗದ್ದೆ ಉಳುವ ಪವರ್ ಟಿಲ್ಲರುಗಳಲ್ಲಿ ಒಂದು ಉಳಿದುಬಿಟ್ಟಿತ್ತು.

"ಪಹಣಿ ನಿಮ್ಮ ಹೆಸರಲ್ಲೇ ಐತಲ್ರಿ? ಸಾಕು. ಹೊಸ ಜಿಲ್ಲೆ, ಗುರಿ ಮುಟ್ಲಿಲ್ಲ ಅಂದ್ರೆ ಮರ್ಯಾದಿ ಹೋಗ್ತೈತೆ."

"ನಂಗ್ಯಾಕ್ರಿ ಅದು? ಸ್ಕೂಟರೇ ನೆಟ್ಟಗೆ ಹೊಡಿಯಾಕೆ ಬರಲ್ಲ."

"ಹೊಡಿಯೋದು ಬ್ಯಾಡ್ರಿ, ತಗಳ್ರಿ ಸಾಕು."

ಅರ್ಧ ಬೆಲೆ ಎಂದರೆ ವ್ಯಾಪಾರಿಗೆ ಮುಗಿಯಿತು. ಕೆಂಪು ಟಿಲ್ಲರು ಮನೆಯಂಗಳಕ್ಕೆ ಬಂತು. ಹೆಂಡತಿ ಕಸ್ತೂರಮ್ಮ ಅದರ ಹಿಡಿಕೆಯ ಮೇಲೆ ಒದ್ದೆ ಸೀರೆ ಹಾಕಿ, ಮೂತಿಯ ಮೇಲೆ ಸಂಡಿಗೆ ತಟ್ಟೆ ಇಟ್ಟು, ಆ ಬೇಸಿಗೆಯ ಬಂಡವಾಳ ಹೂಡಿಕೆಯನ್ನು ಸಾರ್ಥಕಪಡಿಸಿದರು.

ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟರು. ರಾಘವೇಂದ್ರ ಮತ್ತೆ ಓಡಿಬಂದರು. ಬೆಂಗಳೂರಿನಿಂದ ದೊಡ್ಡ ಸಾಹೇಬರು ಟಿಲ್ಲರು ನೋಡಲು ಬರುತ್ತಾರಂತೆ.

"ಮೈಲಾರಲಿಂಗಪ್ಪ ಹೊಡಿತಾನೆ ಬಿಡ್ರಿ."

"ಫಲಾನುಭವಿ ನೀವು. ಫೋಟೋದಾಗೆ ನಿಮ್ಮ ಮುಖಾನೇ ಬೇಕ್ರಿ."

ಇಸ್ತ್ರಿ ಪಂಚೆ ಎತ್ತಿ ಕಟ್ಟಿ ಕೊಟ್ಟೂರಪ್ಪನವರು ಗದ್ದೆಗಿಳಿದರು. ಮೈಲಾರಲಿಂಗಪ್ಪ ಯಂತ್ರ ಚಾಲೂ ಮಾಡಿ ಹಿಡಿಕೆ ಕೊಟ್ಟ. ಸಾಹೇಬರು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಟಿಲ್ಲರು ಒಂದಷ್ಟು ದೂರ ಸಭ್ಯವಾಗಿ ಹೋಯಿತು. ತಿರುವಿನಲ್ಲಿ ಮಾತ್ರ ತಿರುಗಲಿಲ್ಲ.

"ಬಿಡ್ರಿ ಸಾವ್ಕಾರ್ರೇ, ಬಿಡ್ರಿ!" ಎಂದು ಮೈಲಾರಲಿಂಗಪ್ಪ ಕೂಗಿದ.

ಕೊಂಡ ವಸ್ತುವನ್ನು ಕೈಬಿಟ್ಟು ಅಭ್ಯಾಸವಿಲ್ಲದ ಕೊಟ್ಟೂರಪ್ಪನವರು ಬಿಡಲಿಲ್ಲ. ಬದು ಹತ್ತಿ, ಪಕ್ಕದವರ ಸಸಿಮಡಿ ತುಳಿದು, ಯಂತ್ರ ಅವರನ್ನು ಕೆಸರಿಗೆ ಎಸೆದು ತಾನೇ ನಿಂತಿತು. ಅಡಿಯಿಂದ ಮುಡಿಯವರೆಗೆ ಮಣ್ಣಾಗಿ ಎದ್ದವರನ್ನು ಕಂಡು ಸಾಹೇಬರ ಕಣ್ಣು ತುಂಬಿತು. "ರೈತ ಅಂದರೆ ಇವರು!" ಎಂದರು. ಪತ್ರಿಕೆಯಲ್ಲಿ ಚಿತ್ರ ಬಂತು. ಸ್ವಾತಂತ್ರ್ಯ ದಿನದಂದು ಶಾಲು ಹೊದಿಸಿ ಭಾಷಣವನ್ನೂ ಮಾಡಿಸಿದರು.

"ಮುಖಾನೇ ಕಾಣಲ್ಲ, ಇದು ನೀವೇ ಅಂತ ಹೆಂಗ್ ನಂಬೋದು?" ಎಂದು ಕಸ್ತೂರಮ್ಮ ಮಾತ್ರ ಪತ್ರಿಕೆ ಹಿಡಿದು ಕೇಳಿದರು.

ಯಾರೂ ಎಣಿಸದಿದ್ದುದು ಮುಂದೆ ಆಯಿತು. ಕೊಟ್ಟೂರಪ್ಪನವರಿಗೆ ಕೆಸರಿನ ರುಚಿ ಹತ್ತಿತು. ಅಂಗಡಿಯನ್ನು ಮಗ ಬಕ್ಕೇಶನಿಗೆ ಬಿಟ್ಟು ದಿನಾ ಗದ್ದೆಗೆ ಹೋಗತೊಡಗಿದರು. ನಿಲ್ಲಿಸಬೇಕಾದ ನೀರನ್ನು ಹರಿಯಬಿಟ್ಟರು. ಗೊಬ್ಬರವನ್ನು, ಜಾಸ್ತಿ ಹಾಕಿದರೆ ಜಾಸ್ತಿ ಬೆಳೆ ಎಂಬ ಲೆಕ್ಕದಲ್ಲಿ ಸುರಿದರು. ಕೊನೆಗೆ ಮೈಲಾರಲಿಂಗಪ್ಪ ಹೆಂಡತಿ ಕೊಟ್ರವ್ವನನ್ನು ಕರೆದುಕೊಂಡು, ಬಾಳೆಹಣ್ಣು ಹಿಡಿದು ಮನೆಗೆ ಬಂದ. ಅವನು ಹಣ್ಣು ಮುಂದಿಟ್ಟು ಹಿಂದೆ ಸರಿದ. ಕೊಟ್ರವ್ವನೇ ಹೇಳಿದಳು:

"ಸಾವ್ಕಾರ್ರೇ, ಸಿಟ್ಟು ಮಾಡ್ಬ್ಯಾಡ್ರಿ. ಭಾಷಣ ನೀವು ಮಾಡ್ರಿ, ಬ್ಯಾಸಾಯ ನಮಗೆ ಬಿಡ್ರಿ. ಇಲ್ಲಾಂದ್ರೆ ಈ ಸಲ ಅಕ್ಕಿ ನೀವೂ ಅಂಗಡ್ಯಾಗೇ ತರ್ಬೇಕಾಗ್ತೈತೆ."

ಒಳಗೆ ಕಸ್ತೂರಮ್ಮ ನಕ್ಕಿದ್ದು ಕೇಳಿಸಿತು. ಕೊಟ್ಟೂರಪ್ಪನವರು ಅಂದು ಊಟ ಬಿಟ್ಟರು. ಮರುದಿನ ಟಿಲ್ಲರನ್ನು ಮೈಲಾರಲಿಂಗಪ್ಪನ ಕೈಗೇ ಕೊಟ್ಟರು. ಬೆಳೆ ಚೇತರಿಸಿಕೊಂಡಿತು. ಇಲಾಖೆ ಅದನ್ನು ಯೋಜನೆಯ ಸಾಧನೆ ಎಂದು ಬರೆದುಕೊಂಡಿತು.

ಭಾಷಣ ಉಳಿಯಿತು. ಹರಿಹರದ ರೈತರ ತರಬೇತಿಯಲ್ಲಿ ಚಪ್ಪಾಳೆ ಬಿತ್ತು. ಅದೇ ಉಮೇದಿನಲ್ಲಿ ರಾಘವೇಂದ್ರ ಅವರನ್ನು ಮಾಯಕೊಂಡಕ್ಕೆ ಕರೆದೊಯ್ದರು. ಮಳೆ ನಂಬಿ ಜೋಳ ಬಿತ್ತುವ ರೈತರು ಕೆಸರುಗದ್ದೆಯ ಉಳುಮೆಯನ್ನು ಸಾವಧಾನವಾಗಿ ಕೇಳಿದರು. ಮುಗಿದ ಮೇಲೆ ಹಿರಿಯರೊಬ್ಬರು ಎದ್ದರು.

"ಭಾಳ ಚಲೋ ಹೇಳಿದ್ರಿ. ಕೆಸರು ಮಾಡಾಕೆ ನಾವೂ ರೆಡಿ ಅದೀವಿ. ನೀರು ಯಾವಾಗ ಬಿಡ್ತೀರಿ?"

ಕೊಟ್ಟೂರಪ್ಪನವರು ರಾಘವೇಂದ್ರರತ್ತ ತಿರುಗಿದರು. ಅವರು ಆಗಲೇ ಜೀಪು ಹತ್ತಿ ಕೂತಿದ್ದರು.