ಮಸೂರದ ಅಂಚಿಗೆ ಮಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡನೆಯ ಮಹಡಿಯ ಸಣ್ಣ ಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಐವತ್ತು ದಾಟಿದ ಹೆಂಗಸೊಬ್ಬರು ಮೇಜಿನ ಮುಂದೆ ಕೂತಿದ್ದಾರೆ. ಸೋಡಾಬುಡ್ಡಿ ಕನ್ನಡಕವನ್ನು ಪಕ್ಕಕ್ಕಿಟ್ಟು, ಅಂಗಿಯ ಗುಂಡಿಯಷ್ಟಿರುವ ಗಾಜೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನಾಲ್ಕೇ ಎಳೆಯ ಕುಂಚದಿಂದ ಅದರ ಅಂಚಿಗೆ ಕಪ್ಪು ಹಚ್ಚುತ್ತಿದ್ದಾರೆ. ನಾನು ಬಾಗಿಲಲ್ಲಿ ಕೆಮ್ಮುತ್ತೇನೆ. "ಅಲ್ಲೇ ನಿಂತ್ಕೊಳ್ಳಿ, ಒಳಗೆ ಬಂದ್ರೆ ಧೂಳೇಳತ್ತೆ" ಎನ್ನುತ್ತಾರೆ, ತಲೆ ಎತ್ತದೆ. ನಾನಾದರೋ ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು ಹೋದವನು!

ಬೀದಿಯವರಿಗೆಲ್ಲ ಇವರು ಕನ್ನಡಕದಕ್ಕ. ಟೆಲಿಸ್ಕೋಪಿನಲ್ಲಿ ನಾವು ಕಣ್ಣಿಡುವ ತುದಿಯ ಪುಟ್ಟ ನಳಿಗೆಗೆ ಐಪೀಸ್ ಎನ್ನುತ್ತಾರಲ್ಲ, ಅದರೊಳಗಿನ ಮಸೂರಗಳಿಗೆ ಮಸಿ ಹಚ್ಚುವುದು ಇವರ ಕೆಲಸ. ಅಂಚು ಬರಿದಾಗಿದ್ದರೆ ಬೆಳಕು ಅಲ್ಲಿಂದ ಅಡ್ಡಾದಿಡ್ಡಿ ಚದುರಿ, ಕಪ್ಪಗಿರಬೇಕಾದ ಆಕಾಶ ಬೂದಿ ಬಳಿದ ಹಾಗೆ ಕಾಣುತ್ತದೆ. ಗಾಜು ಉಜ್ಜಿ ಆಕಾರ ಕೊಟ್ಟವರು ಇವರ ಯಜಮಾನರು, ಹೆಸರೂ ಅವರದೇ. ಆಕಾಶ ನೋಡುವ ಹವ್ಯಾಸಿಗಳು ಎಲ್ಲೆಲ್ಲಿಂದಲೋ ಅವರನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಟೀ ತಂದುಕೊಡುವಾಕೆಯೇ ಆ ಆಕಾಶಕ್ಕೆ ಕಪ್ಪು ಬಣ್ಣ ಕೊಟ್ಟವರು ಎಂದು ಗೊತ್ತಿರುವವರು ಕಡಿಮೆ.

"ದೂರದ್ದು ಒಂದೂ ಕಾಣಲ್ಲ ನಂಗೆ" ಎಂದು ಅಕ್ಕ ನಗುತ್ತಾರೆ. "ಹತ್ತಿರದ್ದು ಕಣ್ಣು ಕಿರಿದು ಮಾಡಿದ್ರೆ ಇರುವೆ ಮೀಸೆನೂ ಕಾಣತ್ತೆ. ದೇವರು ಒಂದು ಕಿತ್ಕೊಂಡು ಇನ್ನೊಂದು ಕೊಟ್ಟ."

ಕೆಲಸವಿದ್ದ ಕಾಲದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಾಜು. ಈಗ ರಿಪೇರಿಗೆ ಬರುವವು, ವಾರಕ್ಕೆ ಅಷ್ಟಾದರೆ ಹೆಚ್ಚು. ಯಜಮಾನರು ಮಾಡುತ್ತಿದ್ದದ್ದು ಹಳೆಯ ಮಾದರಿ: ಮೂರೋ ನಾಲ್ಕೋ ಗಾಜು, ಹಗುರ ಮೈ, ಚುರುಕು ನೋಟ. ಗುರುಗ್ರಹದ ಪಟ್ಟೆ ಗೆರೆ ಕೊರೆದಂತೆ ಕಾಣುತ್ತದೆ. ಆದರೆ ನೋಟ ಕಿರಿದು, ಕಣ್ಣನ್ನು ರೆಪ್ಪೆ ತಾಗುವಷ್ಟು ಹತ್ತಿರ ಒತ್ತಬೇಕು. ಈಗಿನದರಲ್ಲಿ ಏಳೆಂಟು ಗಾಜು, ತೂಕ ಸಣ್ಣ ತೆಂಗಿನಕಾಯಿಯದು. ಚಿಕ್ಕ ಟೆಲಿಸ್ಕೋಪಿಗೆ ಸಿಕ್ಕಿಸಿದರೆ ಅದು ಮೂತಿ ಮೇಲೆತ್ತಿ ನಿಲ್ಲುತ್ತದೆ. ಆದರೆ ನೋಟವೋ, ಕಿಟಕಿ ತೆರೆದಂತೆ ಅಗಲ. ಕಣ್ಣನ್ನು ಹೆಬ್ಬೆರಳಿನಗಲ ದೂರವಿಟ್ಟೇ ನೋಡಬಹುದು. "ಗಾಜು ಹೆಚ್ಚಾದಷ್ಟೂ ಬೆಳಕಿಗೆ ಸುಂಕ ಹೆಚ್ಚು" ಎಂಬುದು ಯಜಮಾನರ ಸಿದ್ಧಾಂತ. ಈಗ ಗಾಜಿನ ಮೇಲೆ ಬರುವ ಲೇಪನದಿಂದ ಆ ಸುಂಕ ಬಹಳ ಇಳಿದಿದೆ ಎಂದು ಯಾರು ಹೇಳಿದರೂ ಕೇಳಿದವರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮದುವೆಯಾದ ಹೊಸದರಿಂದಲೂ ಒಂದು ಪದ್ಧತಿ. ಐಪೀಸ್ ಸಿದ್ಧವಾದ ಮೇಲೆ ನಸುಕಿನಲ್ಲಿ ತಾರಸಿಗೆ ಹೋಗಿ ನಕ್ಷತ್ರಕ್ಕೆ ಹಿಡಿದು ನೋಡುವುದು. ಮೊದಲು ಅವರು, ಆಮೇಲೆ ಇವರು. "ಕಾಣ್ತಾ?" ಎಂದು ಅವರು ಕೇಳುತ್ತಿದ್ದರು. "ಹೂಂ, ಚೆನ್ನಾಗಿದೆ" ಎಂದು ಇವರು ಹೇಳುತ್ತಿದ್ದರು.

ಕಾಣುತ್ತಿರಲಿಲ್ಲ.

ಅಕ್ಕನ ಕಣ್ಣಿನ ಮೇಲ್ಮೈ ಒಂದೇ ಸಮ ಬಾಗಿಲ್ಲ. ಬರೀ ದೂರದೃಷ್ಟಿ ಮಂದವಾಗಿದ್ದರೆ ಟೆಲಿಸ್ಕೋಪಿನ ತಿರುಪು ತಿರುಗಿಸಿ ಸರಿಮಾಡಿಕೊಳ್ಳಬಹುದು, ಈ ಸೊಟ್ಟಕ್ಕೆ ಕನ್ನಡಕವೇ ಬೇಕು. ಆದರೆ ಕನ್ನಡಕ ಹಾಕಿದರೆ ಹಳೆಯ ಐಪೀಸಿಗೆ ಕಣ್ಣು ಎಟುಕುವುದಿಲ್ಲ, ಗಾಜಿಗೆ ಗಾಜು ಕಟ್ ಎಂದು ಬಡಿದು, ಬೀಗದ ಕಿಂಡಿಯಷ್ಟು ಆಕಾಶ ಕಾಣುತ್ತದೆ. ತೆಗೆದರೆ ಪ್ರತಿ ನಕ್ಷತ್ರವೂ ಎಳೆದ ಗೆರೆ. "ಅವರು ಅಷ್ಟು ಖುಷಿಯಿಂದ ಕೇಳೋವಾಗ ಇಲ್ಲ ಅಂತ ಹೇಗನ್ಲಿ? ನನ್ನ ಕಣ್ಣೇ ಸರಿಯಿಲ್ಲ, ಅವರ ಕೆಲಸಕ್ಕೆ ಯಾಕೆ ಹೆಸರಿಡೋದು ಅಂತ ಸುಮ್ಮನಿದ್ದೆ."

ಗುಟ್ಟು ರಟ್ಟಾದದ್ದು ಹೋದ ವರ್ಷ. ಗಿರಾಕಿಯೊಬ್ಬರ ಹೊಸ ಮಾದರಿಯ ದಪ್ಪ ಐಪೀಸಿನ ಒಳಗೆ ಮಸಿ ಎದ್ದುಹೋಗಿತ್ತು. ಅಕ್ಕ ಹಚ್ಚಿಕೊಟ್ಟರು. ಯಜಮಾನರು ಗೊಣಗುತ್ತಲೇ ಜೋಡಿಸಿ, ತಾರಸಿಯಲ್ಲಿ ಆರೇಳು ಚುಕ್ಕಿಗಳ ಗೊಂಚಲಾದ ಕೃತ್ತಿಕೆಯತ್ತ ಹಿಡಿದು, ಎಂದಿನಂತೆ ಕರೆದರು. ಅಕ್ಕನ ಎರಡೂ ಕೈಯಲ್ಲಿ ಟೀ ಲೋಟ. ಕನ್ನಡಕ ತೆಗೆಯಲಾಗದೆ ಹಾಗೆಯೇ ಬಗ್ಗಿದರು.

"ರೀ, ಇದರಲ್ಲಿ ಚುಕ್ಕಿಗಳು ಚುಕ್ಕಿಯಾಗೇ ಕಾಣ್ತಿವೆ!"

"ಮತ್ತೆ ನಮ್ಮದರಲ್ಲಿ?"

ಅಕ್ಕನ ಮಾತು ಬಾಯಿ ತಪ್ಪಿ ಬಂದಿತ್ತು. ಟೀ ಆರಿಹೋಯಿತು.

ಈ ಮಾತನ್ನು ಯಜಮಾನರ ಮುಂದೆ ತೆಗೆಯುತ್ತೇನೆ. ಅವರು ಮಡದಿಯ ಕನ್ನಡಕವನ್ನು ಕೈಗೆತ್ತಿಕೊಂಡು ನನ್ನ ಮುಖದ ಮುಂದೆ ಮೆಲ್ಲಗೆ ತಿರುಗಿಸುತ್ತಾರೆ. ಗಾಜಿನಾಚೆ ಬಾಗಿಲ ಚೌಕಟ್ಟು ವಾಲಾಡುತ್ತದೆ. "ನೋಡಿದ್ರಾ? ಗಾಜಿನ ಕೆಲಸ ಬಲ್ಲವನಿಗೆ ಇಷ್ಟು ಸಾಕು, ಕಣ್ಣಿನ ಸೊಟ್ಟ ಗೊತ್ತಾಗಿಬಿಡತ್ತೆ. ಊರವರ ಗಾಜನ್ನೆಲ್ಲ ತಿರುಗಿಸಿ ನೋಡಿದೆ. ಇದನ್ನೊಂದು ದಿನ ನೋಡ್ಲಿಲ್ಲ." ದೀಪದ ಬುಡದಲ್ಲಿ ಕತ್ತಲೆ ಎಂದು ನಾವು ಸಲೀಸಾಗಿ ಆಡಿಬಿಡುತ್ತೇವೆ. ಅವರ ಎದುರು ಆ ಮಾತು ನನ್ನ ಬಾಯಿಗೆ ಬರಲಿಲ್ಲ.

ಕನ್ನಡಕ ಹಾಕಿಕೊಂಡೇ ನೋಡುವಂಥ ಐಪೀಸನ್ನು ಅವರು ಹತ್ತು ವರ್ಷದ ಹಿಂದಾದರೆ ಹಟ ಹಿಡಿದು ಮಾಡಿಬಿಡುತ್ತಿದ್ದರು. ಈಗ ಕೈ ನಡುಗುತ್ತದೆ. ಲೋಟ ಹಿಡಿದರೆ ಟೀ ತುಳುಕುತ್ತದೆ, ಇನ್ನು ಗಾಜು ಉಜ್ಜುವುದೆಲ್ಲಿ?

"ಹೊಸದೇ ಒಂದು ಕೊಳ್ಳಬಹುದಲ್ಲ ಅಕ್ಕ?" ಎಂದು ಕೇಳುತ್ತೇನೆ.

"ತರ್ತೀನಿ ಅಂದ್ರು. ನಾನೇ ಬೇಡ ಅಂದೆ. ಇಷ್ಟು ವರ್ಷ ಅವರದರಲ್ಲಿ ನೋಡಿದ ಹಾಗೆ ನಟಿಸಿದೀನಿ. ಒಂದು ಸಲ ನಿಜವಾಗ್ಲೂ ಅವರದರಲ್ಲೇ ನೋಡ್ಬೇಕು."

ಹೀಗಾಗಿ ಈಗ ಉಜ್ಜುವವರು ಅಕ್ಕ. ಯಜಮಾನರು ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಾರೆ, ಗದರುತ್ತಾರೆ, ಗದರಿದ್ದಕ್ಕೆ ಪೆಚ್ಚಾಗುತ್ತಾರೆ. ತಮ್ಮ ಹಳೆಯ ನಾಲ್ಕು ಗಾಜಿನ ಮುಂದೆ, ಅಷ್ಟು ದಿನ ಹಳಿಯುತ್ತಿದ್ದ ಹೊಸಬರ ಉಪಾಯದಂತೆ, ನಡು ತಗ್ಗಾದ ಮಸೂರವೊಂದನ್ನು ಸೇರಿಸಲು ಒಪ್ಪಿದ್ದಾರೆ. ಕಣ್ಣು ಇಡುವ ಜಾಗ ಹಿಂದಕ್ಕೆ ಸರಿಯಬೇಕಾದರೆ ಬೇರೆ ದಾರಿಯಿಲ್ಲ. ಎರಡು ಸಲ ಗಾಜು ಸೀಳಿತು. ಒಂದು ಸಲ ಒಂದು ನಕ್ಷತ್ರಕ್ಕೆ ಎರಡು ಕಂಡವು.

ಮರುದಿನ ನಸುಕಿನಲ್ಲಿ ನಾನೂ ತಾರಸಿ ಹತ್ತುತ್ತೇನೆ. ಕೃತ್ತಿಕೆ ನೆತ್ತಿಯ ಹತ್ತಿರವಿದೆ. ಹೊಸದಾಗಿ ಜೋಡಿಸಿದ ಐಪೀಸನ್ನು ಅಕ್ಕ ತಾವೇ ಸಿಕ್ಕಿಸಿ, ಕನ್ನಡಕ ಹಾಕಿಕೊಂಡೇ ಬಗ್ಗುತ್ತಾರೆ. ಯಜಮಾನರು ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ.

"ಕಾಣ್ತಾ?"

ಅಕ್ಕ ಬಹಳ ಹೊತ್ತು ನೋಡುತ್ತಾರೆ.

"ಇಲ್ಲ ರೀ. ಮೂರೇ ಕಾಣ್ತಿವೆ. ಉಳಿದವು ಅಂಚಿನಾಚೆ ಹೋಗಿವೆ."

"ಸರಿ. ತೆಗಿ" ಎಂದು ಅವರು ಮೆಟ್ಟಿಲಿಳಿಯುತ್ತಾರೆ. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಾರೆ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಅತ್ತಲೇ ನೋಡುತ್ತಿದ್ದು, ಆಮೇಲೆ ನನ್ನತ್ತ ತಿರುಗುತ್ತಾರೆ.

"ಈ 'ಇಲ್ಲ' ಅವತ್ತೇ ಅಂದಿದ್ರೆ ಅವರ ಕೈ ಗಟ್ಟಿ ಇತ್ತು. ಈಗ ನಂಗೆ ಬೇರೇನೂ ಬೇಡ. ಅವರು ಕೇಳೋಕೆ ಇರೋವಾಗ್ಲೇ ಒಂದು ಸಲ 'ಹೂಂ' ಅನ್ಬೇಕು. ಸುಳ್ಳಲ್ಲದ್ದು."